ಗೌಡ್ರ ಬೇಲಿ ನನ್ನ ರೇಡಿಯೋದಲ್ಲಿ

ಒಂದು ನಿಮಿಷಕ್ಕೆ ನಲವತ್ತೆಂಟು. ವಾಚು ಹಿಡಿದು ಮೂರು ಸಲ ಎಣಿಸಿದೆ. ಮೂರು ಸಲವೂ ಅಷ್ಟೇ. ಟಿಕ್... ಟಿಕ್... ಟಿಕ್. ಗೋಡೆ ಗಡಿಯಾರಕ್ಕಿಂತ ಸ್ವಲ್ಪ ನಿಧಾನ.

ಹೋದ ವರ್ಷ ಪುನರ್ವಸು ಮಳೆಯಲ್ಲಿ ಶುರುವಾಗಿದ್ದು ಇದು. ಬೆಳಿಗ್ಗೆ ಏಳಕ್ಕೆ 40 ಮೀಟರ್ ಬ್ಯಾಂಡಿನಲ್ಲಿ, ಅಂದರೆ 7 ಮೆಗಾಹರ್ಟ್ಸ್ ಆಸುಪಾಸಿನಲ್ಲಿ, ನಾವೊಂದಷ್ಟು ಹ್ಯಾಮ್‌ಗಳು, ಅಂದರೆ ಲೈಸೆನ್ಸ್ ಪಡೆದು ಹವ್ಯಾಸಕ್ಕೆ ರೇಡಿಯೋದಲ್ಲಿ ಮಾತಾಡುವವರು, ಸೇರಿ ಮಾತಾಡುತ್ತೇವೆ. ಅದೇ ಹೊತ್ತಿಗೆ ಈ ಟಿಕ್ ಕೂಡ ಹಾಜರು. ಧಾರವಾಡದ ಮೇಷ್ಟ್ರೊಬ್ಬರು ಅಲ್ಲಿನ ಮಳೆ ಸುದ್ದಿ ಹೇಳುತ್ತಿದ್ದರೆ ಅರ್ಧ ಮಾತು ಅವರದು, ಅರ್ಧ ಟಿಕ್ಕಿನದು. "ನಿಮ್ಮ ಕಡೆ ಯಾರೋ ಚಪ್ಪಾಳೆ ಹೊಡೀತಿದ್ದಾರೇನ್ರೀ?" ಅಂತ ಅವರು ಕೇಳುವ ಹಾಗಿರಲಿಲ್ಲ. ಏಕೆಂದರೆ ಅದು ಅವರಿಗೆ ಕೇಳಿಸುತ್ತಲೇ ಇರಲಿಲ್ಲ. ಕಷ್ಟವೆಲ್ಲ ನನ್ನೊಬ್ಬನದು.

ನನ್ನ ಬಗ್ಗೆ ಎರಡು ಮಾತು. ಮೂಡಿಗೆರೆ ಹತ್ತಿರ ಮೋಟರ್ ವೈಂಡಿಂಗ್ ಅಂಗಡಿ ಇಟ್ಟಿದ್ದೇನೆ. ಓದಿದ್ದು ಐಟಿಐ. 2019ರ ಆಗಸ್ಟಿನಲ್ಲಿ ನಮ್ಮ ತಾಲ್ಲೂಕಿನಲ್ಲಿ ಗುಡ್ಡಗಳು ಜರಿದು, ಚಾರ್ಮಾಡಿ ಘಾಟಿ ಬಂದ್ ಆಯಿತಲ್ಲ, ಆಗ ಕರೆಂಟೂ ಇಲ್ಲ, ಮೊಬೈಲೂ ಇಲ್ಲ. ಕಳಸದ ಕಡೆ ಕೊಟ್ಟಿರುವ ನಮ್ಮಕ್ಕ ಹೇಗಿದ್ದಾಳೆ ಅಂತ ಎರಡು ದಿನ ಗೊತ್ತಾಗಲಿಲ್ಲ. ಅವತ್ತು ತಲೆಗೆ ಹೊಕ್ಕಿದ ಹುಳ ಈ ಹ್ಯಾಮ್ ರೇಡಿಯೋ. ಪುಸ್ತಕ ತಂದು ಓದಿ, ಪರೀಕ್ಷೆ ಬರೆದು, ರೆಸ್ಟ್ರಿಕ್ಟೆಡ್ ದರ್ಜೆಯ ಲೈಸೆನ್ಸ್ ತೆಗೆದುಕೊಂಡೆ. ನನ್ನ ಕಾಲ್‌ಸೈನು, ಅಂದರೆ ಗಾಳಿಯಲ್ಲಿ ನನ್ನ ಗುರುತಿನ ಹೆಸರು, ವಿಯು3 ಇಂದ ಶುರುವಾಗುತ್ತದೆ. ಪೂರ್ತಿ ಇಲ್ಲಿ ಹಾಕುವುದಿಲ್ಲ, ಗಾಳಿಯಲ್ಲಿ ಸಿಕ್ಕಾಗ ಹೇಳುತ್ತೇನೆ.

ಆಂಟೆನಾ ಅಂದರೆ ದೊಡ್ಡದೇನಲ್ಲ. ಎರಡು ಸಿಲ್ವರ್ ಓಕ್ ಮರದ ನಡುವೆ ಕಟ್ಟಿದ ತಾಮ್ರದ ತಂತಿ. ಆ ಕಡೆ 10 ಮೀಟರ್, ಈ ಕಡೆ 10 ಮೀಟರ್, ನಡುವಿನಿಂದ ಕೇಬಲ್ ಕೆಳಗೆ ಬರುತ್ತದೆ. ಡೈಪೋಲ್ ಅನ್ನುತ್ತಾರೆ. ನನ್ನ ಹೆಂಡತಿ ಅದಕ್ಕೆ "ಬಟ್ಟೆ ಒಣಗಿಸೋಕೂ ಆಗದ ಹಗ್ಗ" ಅನ್ನುತ್ತಾಳೆ.

ಟಿಕ್ ಶುರುವಾದಾಗ ನಾನು ಮೊದಲು ಮಾಡಿದ್ದು ಎಲ್ಲರೂ ಮಾಡುವ ಕೆಲಸ. ಊರಿನವರ ಮೇಲೆ ಅನುಮಾನ. ಪಕ್ಕದ ಮನೆಯವರ ಇನ್ವರ್ಟರ್ ಇರಬೇಕು, ಎದುರಿನವರ ಹೊಸ ಫ್ರಿಜ್ ಇರಬೇಕು ಅಂತ ನಾಲ್ಕು ದಿನ ಕೂತಲ್ಲೇ ಬೈದುಕೊಂಡೆ. ಸೆಟ್ಟಿನಲ್ಲಿ ನಾಯ್ಸ್ ಬ್ಲ್ಯಾಂಕರ್ ಅಂತ ಒಂದು ಬಟನ್ ಇದೆ. ಅದನ್ನು ಒತ್ತಿದರೆ ಟಿಕ್ ಮಾಯ. ಸಣ್ಣ ಸಣ್ಣ ಹೊಡೆತ ಬಂದ ಕೂಡಲೇ ಅಷ್ಟು ಹೊತ್ತು ರಿಸೀವರನ್ನು ಮುಚ್ಚಿಬಿಡುತ್ತದೆ ಅದು. ಆದರೆ ಪಕ್ಕದಲ್ಲಿ ಯಾರಾದರೂ ಜೋರಾದ ಸಿಗ್ನಲ್ ಹಾಕಿದರೆ ಎಲ್ಲರ ಮಾತೂ ಒಡೆದು ಚೂರು. ಸೊಳ್ಳೆ ಕಾಟಕ್ಕೆ ಕಿವಿಗೆ ಹತ್ತಿ ಇಟ್ಟುಕೊಂಡ ಹಾಗೆ.

ಐದನೇ ದಿನ ಬುದ್ಧಿ ಬಂತು. ಸೆಟ್ಟನ್ನು 12 ವೋಲ್ಟ್ ಬ್ಯಾಟರಿಗೆ ಹಾಕಿ, ಮನೆಯ ಮೇನ್ ಸ್ವಿಚ್ ಕೆಳಗೆಳೆದೆ. ಒಳಗಿನಿಂದ ಅಮ್ಮ "ಕರೆಂಟ್ ಹೋಯ್ತೇನೋ?" ಅಂದರು. ನಾನು ಸುಮ್ನೆ ಇದ್ದೆ.

ಏನಾಯಿತು ಗೊತ್ತಾ? ಟಿಕ್ ಹೋಗಲಿಲ್ಲ. ಆದರೆ ಅದರ ಹಿಂದೆ ಒಂದು ಹಾಸಿಗೆ ಹಾಸಿದ ಹಾಗೆ ಗುಂಯ್ ಅನ್ನುವ ಸದ್ದು ಇತ್ತಲ್ಲ, ಬ್ಯಾಂಡೇ ಹೀಗಿರಬೇಕು ಅಂತ ನಾನು ಎರಡು ವರ್ಷದಿಂದ ಅಂದುಕೊಂಡಿದ್ದ ಸದ್ದು, ಅದು ಪೂರ್ತಿ ಇಳಿದುಹೋಯಿತು. ಸಿಗ್ನಲ್ ಎಷ್ಟು ಜೋರು ಅಂತ ತೋರಿಸುವ ಮೀಟರಿನ ಮುಳ್ಳು ಎಸ್ 6ರಿಂದ ಎಸ್ 3ಕ್ಕೆ ಬಂತು. ಕಳ್ಳ ನಮ್ಮ ಮನೆಯಲ್ಲೇ ಇದ್ದ!

ಮೇನ್ ಮೇಲೆತ್ತಿ ಒಂದೊಂದೇ ಫ್ಯೂಸ್ ಹಾಕುತ್ತಾ ಬಂದೆ. ದನದ ಕೊಟ್ಟಿಗೆಯ ಎಲ್‌ಇಡಿ ಬಲ್ಬು ಒಂದು, ಸೆಟ್‌ಟಾಪ್ ಬಾಕ್ಸಿನ ಅಡಾಪ್ಟರ್ ಇನ್ನೊಂದು. ಇವುಗಳ ಒಳಗೆ ಹಳೇ ಕಾಲದ ಟ್ರಾನ್ಸ್‌ಫಾರ್ಮರ್ ಇಲ್ಲ. ಸೆಕೆಂಡಿಗೆ ಹತ್ತಾರು ಸಾವಿರ ಸಲ ಸ್ವಿಚ್ ಹಾಕಿ ತೆಗೆದು ಮಾಡುವ ಸರ್ಕ್ಯೂಟ್ ಇರುತ್ತದೆ. ಒಳ್ಳೆಯದರಲ್ಲಿ ಆ ಗಲಾಟೆ ಹೊರಗೆ ಬರದ ಹಾಗೆ ಒಂದು ಕಾಯಿಲ್, ಒಂದೆರಡು ಕೆಪಾಸಿಟರ್ ಇರುತ್ತವೆ. ಅಗ್ಗದ ಮಾಲಿನಲ್ಲಿ ಅವನ್ನೇ ಹಾಕದೆ ದುಡ್ಡು ಉಳಿಸಿರುತ್ತಾರೆ. ಆಮೇಲೆ ಮನೆಯ ವೈರಿಂಗೇ ಅದರ ಆಂಟೆನಾ. ಬಲ್ಬು ಬದಲಾಯಿಸಿದೆ. ಅಡಾಪ್ಟರಿನ ವೈರನ್ನು, ಅಂಥ ಗಲಾಟೆ ತಡೆಯುವ ಫೆರೈಟ್ ಬಳೆಗೆ ಎಂಟು ಸುತ್ತು ಸುತ್ತಿದೆ. ದಿನಾ ಸುತ್ತುವುದೇ ನನ್ನ ಕೆಲಸ ತಾನೇ.

ಇನ್ನು ಅಂಗಡಿಯಲ್ಲಿ ಮಿಕ್ಸಿ ರಿಪೇರಿ ಮಾಡಿ ಟೆಸ್ಟ್ ಹಾಕಿದಾಗ ಕಾರ್ಬನ್ ಬ್ರಷ್ಷಿನಿಂದ ಬರುವ ಕಿಡಿಗೆ ಇಡೀ ಬ್ಯಾಂಡು ಉರಿದುಹೋಗುತ್ತದೆ. ಅದಕ್ಕೆ ಯಾರನ್ನು ಬೈಯಲಿ?

ಮನೆ ಸದ್ದು ಇಳಿದ ಮೇಲೆ ಟಿಕ್ ಇನ್ನೂ ಚೆನ್ನಾಗಿ ಕೇಳಿಸತೊಡಗಿತು. ನೆಲ ಗುಡಿಸಿದ ಮೇಲೆ ಕಲೆ ಎದ್ದು ಕಾಣುತ್ತಲ್ಲ, ಹಾಗೆ.

ಮಳೆ ಬಂದಾಗ ಟಿಕ್ ಜೋರಾಗುತ್ತಿತ್ತು. ಇದು ನನಗೆ ಸಿಕ್ಕ ಮೊದಲ ಸುಳಿವು. ಕರೆಂಟ್ ಕಂಬದಲ್ಲಿ ಸಡಿಲ ಕ್ಲ್ಯಾಂಪಿನಿಂದ ಕಿಡಿ ಹಾರಿದರೆ ಬರುವ ಸದ್ದೇ ಬೇರೆ, ಜೇನು ಎದ್ದ ಹಾಗೆ ಝರ್ರ್ ಅನ್ನುತ್ತದೆ. ನಮ್ಮ ಕರೆಂಟು 50 ಹರ್ಟ್ಸ್, ಒಂದು ಸುತ್ತಿನಲ್ಲಿ ಎರಡು ಸಲ ತುದಿ ಮುಟ್ಟುತ್ತದೆ, ಹಾಗಾಗಿ ಕಿಡಿ ಸೆಕೆಂಡಿಗೆ 100 ಸಲ ಹಾರುತ್ತದೆ. ಅಂಥ ಸದ್ದು ಹೆಚ್ಚಾಗಿ ಬಿಸಿಲಿಗೆ ಜಾಸ್ತಿ. ಜೋರು ಮಳೆ ಬಂದರೆ ಆ ಸಣ್ಣ ಸಂದಿನಲ್ಲಿ ನೀರು ತುಂಬಿ ಕಿಡಿ ನಿಂತೇಹೋಗುತ್ತದೆ. ನನ್ನದು ಉಲ್ಟಾ. ಸೆಕೆಂಡಿಗೆ ಒಂದೂ ಇಲ್ಲ, ಮಳೆ ಬಂದರೆ ಖುಷಿ ಬೇರೆ. ನಮ್ಮ ಸೀಮೆಯಲ್ಲಿ ಒಂದೂಕಾಲು ಸೆಕೆಂಡಿಗೊಮ್ಮೆ ಹೊಡೆಯುವ ವಸ್ತು ಯಾವುದು?

ಉತ್ತರ ಕೊಟ್ಟಿದ್ದು ನನ್ನ ಹೆಂಡತಿ. ಅಕ್ಕಿ ರೊಟ್ಟಿ ತಟ್ಟುತ್ತಾ ಟಿಕ್ ಕೇಳಿಸಿಕೊಂಡು, "ಇದು ಆನೆ ಬೇಲಿ ಬಾಕ್ಸ್ ಥರಾನೇ ಇದೆಯಲ್ಲ" ಅಂದಳು. ಅವಳ ತವರಿನ ತೋಟಕ್ಕೂ ಸೋಲಾರ್ ಬೇಲಿ ಇದೆ. ಬಾಕ್ಸಿನ ಹತ್ತಿರ ನಿಂತರೆ ಹೀಗೇ ಟಕ್ ಟಕ್ ಅನ್ನುತ್ತದಂತೆ. ನಾನು ಇಂಥ ಎಷ್ಟು ಬಾಕ್ಸ್ ಬಿಚ್ಚಿ ಮುಚ್ಚಿದ್ದೇನೆ ಲೆಕ್ಕವಿಲ್ಲ. ಹೊಳೆದಿರಲಿಲ್ಲ ನೋಡಿ.

ಸೋಲಾರ್ ಬೇಲಿಯಲ್ಲಿ ಕರೆಂಟು ಸದಾ ಹರಿಯುವುದಿಲ್ಲ. ಬಾಕ್ಸಿನೊಳಗೆ ಒಂದು ಕೆಪಾಸಿಟರ್ ತುಂಬಿಕೊಳ್ಳುತ್ತದೆ, ಸೆಕೆಂಡಿಗೊಮ್ಮೆ ಅಥವಾ ಸ್ವಲ್ಪ ತಡವಾಗಿ ಒಂದು ಗುಕ್ಕಿಗೆ ಖಾಲಿಯಾಗುತ್ತದೆ. ಸಾವಿರಾರು ವೋಲ್ಟು, ಆದರೆ ಕಣ್ಣು ಮಿಟುಕಿಸುವುದಕ್ಕಿಂತ ಎಷ್ಟೋ ಕಡಿಮೆ ಹೊತ್ತು. ಆನೆಗೆ ಹೊಡೆತ ಬೀಳುತ್ತದೆ, ಜೀವ ಹೋಗುವುದಿಲ್ಲ. ಬೇಲಿ ಸರಿಯಾಗಿದ್ದರೆ ರೇಡಿಯೋಗೂ ಅಂಥ ತೊಂದರೆ ಇಲ್ಲ. ತೊಂದರೆ ಬರುವುದು ಎಲ್ಲೋ ಜಾಯಿಂಟ್ ಸಡಿಲವಾದಾಗ, ತಂತಿ ಹಿಡಿದಿರುವ ಪಿಂಗಾಣಿ ಬಿರುಕು ಬಿಟ್ಟಾಗ. ಅಲ್ಲಿ ಕಿಡಿ ಹಾರುತ್ತದೆ. ಕಿಡಿ ಅಂದರೆ ಮಾರ್ಕೋನಿ ಕಾಲದ ಟ್ರಾನ್ಸ್‌ಮಿಟರೇ ಸರಿ, ಅದಕ್ಕೆ ಬೇಲಿಯವರು ಒಂದು ಕಿಲೋಮೀಟರ್ ಉದ್ದದ ಆಂಟೆನಾ ಬೇರೆ ಎಳೆದುಕೊಟ್ಟಿರುತ್ತಾರೆ. ಮಳೆಗೆ ಹುಲ್ಲು, ಬಳ್ಳಿ ಬೆಳೆದು ಒದ್ದೆ ಒದ್ದೆಯಾಗಿ ತಂತಿಗೆ ತಾಗಿದರೆ ಹರಿಯುವ ಕರೆಂಟು ಹೆಚ್ಚುತ್ತದೆ, ಸಡಿಲ ಜಾಯಿಂಟಿನ ಕಿಡಿಯೂ ಹೆಚ್ಚುತ್ತದೆ.

ಆದರೆ ನಮ್ಮ ಸುತ್ತ ನಾಲ್ಕು ತೋಟಕ್ಕೆ ಬೇಲಿ ಇದೆ. ಯಾರದು?

ಅಪ್ಪನ ಹಳೇ ಟ್ರಾನ್ಸಿಸ್ಟರ್ ತೆಗೆದೆ. ಮೀಡಿಯಂ ವೇವ್‌ನಲ್ಲಿ ಯಾವ ಸ್ಟೇಷನ್ನೂ ಇಲ್ಲದ ಜಾಗಕ್ಕೆ ಮುಳ್ಳು ತಿರುಗಿಸಿ ಹೊರಟೆ. ಈ ರೇಡಿಯೋಗಳ ಒಳಗೆ ಕಪ್ಪು ಫೆರೈಟ್ ಕಡ್ಡಿ ಇರುತ್ತದೆ, ಅದೇ ಆಂಟೆನಾ. ಕಡ್ಡಿಯ ತುದಿ ಸದ್ದಿನ ಮೂಲದ ಕಡೆಗಿದ್ದರೆ ಸದ್ದು ತೀರಾ ಸಣ್ಣದಾಗುತ್ತದೆ. ಹಾಗಾಗಿ ಜೋರಾಗಿ ಕೇಳಿಸುವ ದಿಕ್ಕನ್ನಲ್ಲ, ಕೇಳಿಸದ ದಿಕ್ಕನ್ನು ಹುಡುಕಬೇಕು. ಒಂದು ಕಡೆ ನಿಂತು ಗೆರೆ ಎಳೆದುಕೋ, ಇನ್ನೂರು ಹೆಜ್ಜೆ ಆಚೆ ಹೋಗಿ ಇನ್ನೊಂದು ಗೆರೆ ಎಳೆ. ಎರಡೂ ಸೇರುವ ಕಡೆ ಕಳ್ಳ. ಬೇಲಿಯ ವಿಷಯದಲ್ಲಿ ಇದು ಅಷ್ಟು ಸಲೀಸಲ್ಲ, ಯಾಕೆಂದರೆ ಉದ್ದಕ್ಕೂ ತಂತಿಯೇ ಸದ್ದು ಮಾಡುತ್ತದೆ. ಆದರೆ ಯಾರ ತೋಟ ಅಂತ ಗೊತ್ತಾಗಲು ಅಷ್ಟು ಸಾಕು. ಕೊಡೆ ಹಿಡಿದು, ರೇಡಿಯೋ ಕಿವಿಗೆ ಒತ್ತಿ, ರಸ್ತೆ ನಡುವೆ ಗಿರಗಿರ ತಿರುಗುತ್ತಿದ್ದವನನ್ನು ನೋಡಿ ಬಸ್ಸಿನವರು ಹಾರನ್ ಹೊಡೆದರು.

ಗೆರೆಗಳು ಸೇರಿದ್ದು ಗೌಡ್ರ ತೋಟದಲ್ಲಿ. ಗೌಡ್ರು ಕಣದ ಹತ್ತಿರ ನಿಂತಿದ್ದರು. ವಿಷಯ ಹೇಳಿದೆ. ಅವರ ಮುಖ ಗಂಟಾಯಿತು.

"ನೋಡಪ್ಪ, ನೀನು ಆ ತಂತಿ ಕಟ್ಟಿದ ಮೇಲೆ ನಮ್ಮನೇಲಿ ಮೊಬೈಲ್ ಟವರ್ ಸರಿಯಾಗಿ ಸಿಗ್ತಿಲ್ಲ. ನಾನೇ ನಿನ್ನ ಕೇಳಬೇಕು ಅಂತಿದ್ದೆ."

"ಅದಕ್ಕೂ ಇದಕ್ಕೂ ಸಂಬಂಧ ಇಲ್ಲ ಗೌಡ್ರೇ. ನನ್ನದು 7 ಮೆಗಾಹರ್ಟ್ಸು, ಮೊಬೈಲಿಂದು ನೂರಾರು, ಸಾವಿರಾರು ಮೆಗಾಹರ್ಟ್ಸಲ್ಲಿ. ನಿಮ್ಮ ಬೇಲಿ ಎಲ್ಲೋ ಲೀಕ್ ಆಗ್ತಿದೆ. ಕೊನೇ ಕಂಬದ ಹತ್ರ ವೋಲ್ಟೇಜ್ ನೋಡ್ಸಿದ್ದೀರಾ?"

ವೋಲ್ಟೇಜ್ ಮಾತು ಬಂದ ಕೂಡಲೇ ದನಿ ಬದಲಾಯಿತು. ಹದಿನೈದು ದಿನದ ಹಿಂದೆ ಆನೆ ಬೇಲಿ ದಾಟಿ ಬಂದು ನಾಲ್ಕು ಅಡಿಕೆ ಮರ ಮುರಿದು ಹೋಗಿತ್ತಂತೆ. "ಬಾಕ್ಸ್ ಸರಿ ಇದೆ ಅಂತಾರೆ, ಆದ್ರೂ ಆನೆಗೆ ಕ್ಯಾರೇ ಇಲ್ಲ" ಅಂದರು. ತೋಟದ ಕೆಲಸ ನೋಡಿಕೊಳ್ಳುವ ರೈಟ್ರನ್ನು ಕರೆದರು. ನನ್ನ ರೇಡಿಯೋ ಕಾಟದ ಬಗ್ಗೆ ಹೇಳಿಕೊಂಡಿದ್ದರೆ ಆ ದಿನ ಕಾಫಿ ಕುಡಿಸಿ ಕಳಿಸುತ್ತಿದ್ದರು ಅಷ್ಟೇ. ಆನೆ ಸೇರಿಕೊಂಡಿದ್ದಕ್ಕೆ ಕೆಲಸ ಆಯಿತು.

ಮೋಡ ಕವಿದ ಸಂಜೆ, ಇನ್ನೂ ಪೂರ್ತಿ ಕತ್ತಲಾಗುವ ಮೊದಲು, ನಾನು, ರೈಟ್ರು, ಒಬ್ಬ ಆಳು ಬೇಲಿ ಗುಂಟ ನಡೆದೆವು. ರೈಟ್ರಿಗೆ ಆನೆಯ ಭಯ, ನನಗೆ ಜಿಗಣೆಯ ಭಯ. ಕೈಯಲ್ಲಿ ಈಗ 2 ಮೀಟರ್ ಬ್ಯಾಂಡಿನ, ಅಂದರೆ 145 ಮೆಗಾಹರ್ಟ್ಸ್ ಆಸುಪಾಸಿನ, ಸಣ್ಣ ಯಾಗಿ ಆಂಟೆನಾ. ಯಾವ ಕಡೆ ತೋರಿಸುತ್ತೇವೋ ಆ ಕಡೆಯದೇ ಜೋರಾಗಿ ಕೇಳಿಸುತ್ತದೆ. ಪಿವಿಸಿ ಪೈಪಿಗೆ ಸ್ಟೀಲಿನ ಅಳತೆ ಟೇಪು ಕತ್ತರಿಸಿ ಕಟ್ಟಿದ್ದು, ಪೊದೆಗೆ ಸಿಕ್ಕಿದರೂ ಬಾಗಿ ಎದ್ದು ನಿಲ್ಲುತ್ತದೆ. ಎಎಮ್ ಕೇಳುವ ರಿಸೀವರಿಗೆ ಹಾಕಿದ್ದೆ. ಕಿಡಿಯ ಸದ್ದು 7 ಮೆಗಾಹರ್ಟ್ಸಿನಲ್ಲಿ ಮೈಲಿಗಟ್ಟಲೆ ಹರಡುತ್ತದೆ, ಮೇಲಿನ ಫ್ರೀಕ್ವೆನ್ಸಿಗೆ ಹೋದಷ್ಟೂ ಹತ್ತಿರ ಹೋದರೆ ಮಾತ್ರ ಕೇಳುತ್ತದೆ. ಅದು ಒಳ್ಳೆಯದೇ. ಅಲ್ಲಿ ಕೇಳಿಸಿತು ಅಂದರೆ ಕಿಡಿ ಪಕ್ಕದಲ್ಲೇ ಇದೆ ಅಂತ.

ಮೂಲೆಯ ಕಂಬದಲ್ಲಿ ಮೊದಲನೆಯದು ಸಿಕ್ಕಿತು. ಯಾವಾಗಲೋ ತುಂಡಾದ ತಂತಿಯನ್ನು ಕೈಯಲ್ಲೇ ಹೊಸೆದು ಬಿಟ್ಟಿದ್ದರು. ತುಕ್ಕು ಹಿಡಿದಿತ್ತು. ಮಬ್ಬಿನಲ್ಲಿ ನೀಲಿ ಕಿಡಿ ಕಣ್ಣಿಗೇ ಕಾಣಿಸಿತು. ಚಟ್. ಒಂದೂಕಾಲು ಸೆಕೆಂಡ್. ಚಟ್. ಒಂದು ತಿಂಗಳು ಕಿವಿಯಲ್ಲಿ ಕೇಳಿದ್ದನ್ನು ಕಣ್ಣಲ್ಲಿ ನೋಡಿದಾಗ ಆಗುವ ಖುಷಿ ಬೇರೆ. ಎರಡನೆಯದು ಹಳ್ಳದ ಹತ್ತಿರ. ಪಿಂಗಾಣಿ ಸೀಳಿತ್ತು, ಮೇಲಿಂದ ಕಾಡುಬಳ್ಳಿ ಬಿದ್ದಿತ್ತು.

ಮಾರನೇ ದಿನ ಬಾಕ್ಸ್ ಆಫ್ ಮಾಡಿಸಿ, ಬಳ್ಳಿ ಸವರಿಸಿ, ತಂತಿ ಉಜ್ಜಿ ಕ್ಲ್ಯಾಂಪ್ ಹಾಕಿ ಬಿಗಿದೆ. ಪಿಂಗಾಣಿ ಹೊಸದು ಹಾಕಿದರು. ಕೊನೇ ಕಂಬದಲ್ಲಿ 3 ಸಾವಿರ ವೋಲ್ಟ್ ತೋರಿಸುತ್ತಿದ್ದ ಟೆಸ್ಟರ್ 6 ಸಾವಿರ ದಾಟಿತು. ಮನೆಗೆ ಬಂದು ಸೆಟ್ ಹಾಕಿದೆ. ಟಿಕ್ ಎಸ್ 7ರಿಂದ ಎಸ್ 2ಕ್ಕೆ ಇಳಿದಿತ್ತು. ಒಂದು ಎಸ್ ಅಂದರೆ 6 ಡಿಬಿ (ಡೆಸಿಬೆಲ್), ಐದು ಎಸ್ ಅಂದರೆ 30 ಡಿಬಿ. ಶಕ್ತಿಯ ಲೆಕ್ಕದಲ್ಲಿ ಸಾವಿರದಲ್ಲಿ ಒಂದು ಪಾಲು ಉಳಿದಿದೆ.

ಸ್ನೇಹ ಬೆಳೆದ ಮೇಲೆ ಗೌಡ್ರು ಬಾಯಿಬಿಟ್ಟರು. ದಿನಾ ಬೆಳಿಗ್ಗೆ ಏಳಕ್ಕೆ ಅವರ ಮನೆಯ ಆಂಪ್ಲಿಫೈಯರಿನಲ್ಲಿ ಸುಪ್ರಭಾತದ ನಡುವೆ ಬಾತುಕೋಳಿ ಕೂಗುತ್ತಂತೆ. ನನಗೆ ನಾಚಿಕೆಯಾಯಿತು. ಆ ಬಾತುಕೋಳಿ ನಾನೇ. ನಾವು ಮಾತಾಡುವ ಸಿಂಗಲ್ ಸೈಡ್‌ಬ್ಯಾಂಡಿನ ದನಿ ಸರಿಯಾದ ರಿಸೀವರಿಲ್ಲದೆ ಕೇಳಿದರೆ ಹಾಗೇ ಇರುತ್ತದೆ, ವಾಕ್ ವಾಕ್ ಅಂತ. ಅವರ ಸ್ಪೀಕರಿನ ಉದ್ದನೆಯ ವೈರು ನನ್ನ ಸಿಗ್ನಲ್ ಹಿಡಿದು ಆಂಪ್ಲಿಫೈಯರಿಗೆ ಉಣಿಸುತ್ತಿತ್ತು. ತಪ್ಪು ಎರಡೂ ಕಡೆ ಇತ್ತು. ನನ್ನ ಡೈಪೋಲಿನ ನಡುವೆ ಚೋಕ್ ಹಾಕಿರಲಿಲ್ಲ, ಹಾಗಾಗಿ ಕೇಬಲ್ಲಿನ ಹೊರಮೈ ಕೂಡ ಆಂಟೆನಾ ಆಗಿ ಮನೆಯ ಸುತ್ತ ಸೂಸುತ್ತಿತ್ತು. ಕೇಬಲ್ಲನ್ನೇ ದೊಡ್ಡ ಫೆರೈಟ್ ಬಳೆಗೆ ಹನ್ನೆರಡು ಸುತ್ತು ಹಾಕಿ ಆಂಟೆನಾದ ನಡುವೆ ತೂಗಿಬಿಟ್ಟೆ. ಅವರ ಸ್ಪೀಕರ್ ವೈರಿಗೂ ಒಂದು ಬಳೆ. ಬಾತುಕೋಳಿ ಹಾರಿಹೋಯಿತು. ಆ ಚೋಕ್ ಹಾಕಿದ್ದಕ್ಕೆ ನನ್ನ ಕಡೆಯೂ ನಾಯ್ಸ್ ಇನ್ನೊಂದು ಚೂರು ಇಳಿಯಿತು. ಹೊರಗೆ ಸೂಸುವ ಕೇಬಲ್ಲು ಹೊರಗಿನದನ್ನು ಹೀರುತ್ತದೆ ಕೂಡ.

ಇದಿಷ್ಟು ಬೇರೆಯವರ ಗಲಾಟೆ ನಮಗೆ, ನಮ್ಮ ಗಲಾಟೆ ಬೇರೆಯವರಿಗೆ. ನಾವೇ ದಾರಿ ತಪ್ಪುವ ಕಥೆ ಇನ್ನೊಂದಿದೆ.

ಕೊಟ್ಟಿಗೆಹಾರದ ಕಡೆಯ ಒಬ್ಬ ಹುಡುಗ ಹೊಸದಾಗಿ ಲೈಸೆನ್ಸ್ ತೆಗೆದುಕೊಂಡ. 2 ಮೀಟರ್ ಬ್ಯಾಂಡಿನಲ್ಲಿ, 145 ಮೆಗಾಹರ್ಟ್ಸ್ ಹತ್ತಿರ, ಎಫ್‌ಎಮ್‌ನಲ್ಲಿ ನನ್ನ ಜೊತೆ ಮಾತಾಡುತ್ತಾನೆ. ಅವನ ಮನೆ ಗುಡ್ಡದ ತಲೆ ಮೇಲೆ. ಸಿಗ್ನಲ್ ಮೀಟರ್ ಪೂರ್ತಿ ಬಲಕ್ಕೆ ಹೋಗುತ್ತದೆ, ಆದರೆ ಮಾತು ಮಾತ್ರ ಅರ್ಥವಾಗುವುದಿಲ್ಲ. "ಅಣ್ಣಾ" ಅಂದರೆ "ಅ...ಆ" ಅಷ್ಟೇ. ಕೇಳಿಸಲ್ಲ ಅಂದರೆ ಮೈಕ್ ಬಾಯಿಗಿಟ್ಟು ಇನ್ನೂ ಜೋರಾಗಿ ಕೂಗುತ್ತಾನೆ. ಕೂಗಿದಷ್ಟೂ ಹಾಳು. "ಮೆಲ್ಲಗೆ ಮಾತಾಡೋ ಮಾರಾಯ" ಅಂದೆ. ಪಿಸುಗುಟ್ಟಿದ. ಸ್ಪಷ್ಟವಾಗಿ ಕೇಳಿಸಿತು!

ಅಲ್ಲೇ ಗೊತ್ತಾಯಿತು, ಡೀವಿಯೇಷನ್ ತೊಂದರೆ. ಎಫ್‌ಎಮ್‌ನಲ್ಲಿ ದನಿ ಜೋರಾದಷ್ಟೂ ಸಿಗ್ನಲ್ ತನ್ನ ಜಾಗದಿಂದ ಆಚೀಚೆ ಜಾಸ್ತಿ ತೂಗುತ್ತದೆ, ಉಯ್ಯಾಲೆಯ ಹಾಗೆ. ಆ ತೂಗಾಟವೇ ಡೀವಿಯೇಷನ್. ಅವನ ಸೆಟ್ 5 ಕಿಲೋಹರ್ಟ್ಸ್ ಆಚೆ, 5 ಈಚೆ ತೂಗುತ್ತಿತ್ತು. ನಾನು ನನ್ನದನ್ನು ನ್ಯಾರೋದಲ್ಲಿ ಇಟ್ಟಿದ್ದೆ, ಅಂದರೆ 2.5ರ ತೂಗಾಟಕ್ಕೆ. ತೂಗಾಟಕ್ಕೆ ಮಾತಿನ ಅತಿ ಎತ್ತರದ ಸ್ವರ, ಅಂದರೆ ಸುಮಾರು 3 ಕಿಲೋಹರ್ಟ್ಸ್, ಸೇರಿಸಿ ಎರಡರಿಂದ ಗುಣಿಸಿದರೆ ಬೇಕಾಗುವ ಅಗಲ ಸಿಗುತ್ತದೆ. ಅವನಿಗೆ 16 ಕಿಲೋಹರ್ಟ್ಸ್ ಬೇಕು, ನನ್ನ ಬಾಗಿಲು ಇರುವುದು 11ಕ್ಕೆ. ಮದುವೆ ದಿಬ್ಬಣ ಹಿತ್ತಲ ಬಾಗಿಲಲ್ಲಿ ನುಗ್ಗಿದ ಹಾಗಾಯಿತು. ಮೆನುವಿನಲ್ಲಿ ವೈಡ್ ನ್ಯಾರೋ ಅಂತ ಇರುತ್ತದೆ, ಇಬ್ಬರೂ ಒಂದೇ ಇಟ್ಟುಕೊಂಡೆವು. ಎರಡು ನಿಮಿಷದ ಕೆಲಸ. ಇದಕ್ಕೆ ಒಂದು ವಾರ ಆಂಟೆನಾ ಬದಲಾಯಿಸುತ್ತಾ ಮರ ಹತ್ತಿಳಿದಿದ್ದ ಪಾಪ.

ಆಮೇಲೆ ಅವನೊಂದು ಹಳೇ ವಿಎಚ್‌ಎಫ್ ಸೆಟ್ ಗುಜರಿಯಿಂದ ತಂದ. ಅದಕ್ಕೆ ಮೆನು ಇಲ್ಲ, ಒಳಗೆ ತಿರುಪಿನಿಂದ ತಿರುಗಿಸುವ ಪುಟ್ಟ ಪ್ರೀಸೆಟ್. ಯಾರೋ ಅದನ್ನು ಪೂರ್ತಿ ತಿರುಗಿಸಿಟ್ಟಿದ್ದರು. ಡೀವಿಯೇಷನ್ ಅಳೆಯುವ ಮೀಟರ್ ನಮ್ಮ ಹತ್ತಿರ ಎಲ್ಲಿದೆ? ಆದರೆ ಬೆಸೆಲ್ ಅನ್ನುವ ಜರ್ಮನಿಯ ಖಗೋಳ ಪಂಡಿತನ ಲೆಕ್ಕ ಇದೆ. ಒಂದೇ ಸ್ವರವನ್ನು ಎಫ್‌ಎಮ್‌ಗೆ ಕೊಟ್ಟು ನಿಧಾನ ಜೋರು ಮಾಡುತ್ತಾ ಹೋದರೆ, ಡೀವಿಯೇಷನ್ ಆ ಸ್ವರದ 2.405 ಪಟ್ಟು ಆದ ಗಳಿಗೆಗೆ ಪರದೆಯ ಮೇಲೆ ನಡುವಿನ ಕ್ಯಾರಿಯರ್, ಅಂದರೆ ಸಿಗ್ನಲ್ಲಿನ ಮೂಲ ಗೆರೆ, ಪೂರ್ತಿ ಮಾಯವಾಗುತ್ತದೆ. ಸುತ್ತಲಿನ ಗೆರೆಗಳು ಇರುತ್ತವೆ, ನಡುವೆ ಮಾತ್ರ ಖಾಲಿ. ಹಾಗಾಗಿ 1040 ಹರ್ಟ್ಸ್ ಸ್ವರ ಕೊಟ್ಟು ಮೊದಲ ಸಲ ಮಾಯವಾದರೆ ಸರಿಯಾಗಿ 2.5 ಕಿಲೋಹರ್ಟ್ಸ್. 5 ಬೇಕಿದ್ದರೆ 2079 ಹರ್ಟ್ಸ್.

ಅಂಗಡಿ ಮುಚ್ಚಿದ ಮೇಲೆ ಕೂತೆವು. ಸೆಟ್ಟಿಗೆ ಆಂಟೆನಾ ಬದಲು ಡಮ್ಮಿ ಲೋಡ್, ಗಾಳಿಗೆ ಬಿಟ್ಟು ಊರಿಗೆಲ್ಲ ಶಿಳ್ಳೆ ಕೇಳಿಸಬಾರದು. ಲ್ಯಾಪ್‌ಟಾಪಿಗೆ ಸಿಗ್ನಲ್ಲನ್ನು ಪರದೆಯ ಮೇಲೆ ಗೆರೆಯಾಗಿ ತೋರಿಸಲು, ಟಿವಿ ನೋಡಲು ಮಾಡಿದ ಆರ್‌ಟಿಎಲ್ ಡಾಂಗಲ್. ಮೊಬೈಲಿನಿಂದ ಸ್ವರ. ಡಾಂಗಲ್ ಬಿಸಿಯಾದಂತೆ ಅದರ ಫ್ರೀಕ್ವೆನ್ಸಿ ಜರುಗುತ್ತದೆ, 145 ಮೆಗಾಹರ್ಟ್ಸಿನಲ್ಲಿ ಹತ್ತು ಲಕ್ಷದಲ್ಲಿ ಒಂದು ಪಾಲು ತಪ್ಪಿದರೂ 145 ಹರ್ಟ್ಸ್ ಆಯಿತು. ಈ ಲೆಕ್ಕಕ್ಕೆ ಅದು ಅಡ್ಡಿಯಿಲ್ಲ, ಗೆರೆ ಎಲ್ಲಿದೆ ಅನ್ನುವುದು ಬೇಡ, ಇದೆಯೋ ಇಲ್ಲವೋ ಅಷ್ಟೇ ಬೇಕು. ಮೊದಲು 2079 ಕೊಟ್ಟೆವು. ಮೊಬೈಲಿನ ದನಿ ಏರಿಸುತ್ತಾ ಹೋದರೆ ಗೆರೆ ಒಮ್ಮೆ ಮಾಯವಾಗಿ ಬಂತು, ಮತ್ತೆ ಎರಡನೇ ಸಲ ಮಾಯ! ಎರಡನೇದು 5.52 ಪಟ್ಟಿಗೆ. ಅಂದರೆ 11 ಕಿಲೋಹರ್ಟ್ಸಿಗೂ ಮೇಲೆ. ಪಕ್ಕದ ಚಾನೆಲ್ಲಿನವರ ಹಿತ್ತಲನ್ನೂ ತುಳಿಯುತ್ತಿತ್ತು ಆ ಸೆಟ್ಟು. 1040ಕ್ಕೆ ಬದಲಾಯಿಸಿ, ಎಷ್ಟು ಜೋರು ಸ್ವರ ಕೊಟ್ಟರೂ ಮೊದಲ ಮಾಯಕ್ಕಿಂತ ಮುಂದೆ ಹೋಗದ ಹಾಗೆ ಪ್ರೀಸೆಟ್ ಹಿಂದಕ್ಕೆ ತಿರುಗಿಸಿದೆವು. ಹುಡುಗ ಆ ಗೆರೆ ಮಾಯವಾಗುವುದನ್ನು ಹತ್ತು ಸಲ ಮಾಡಿ ನೋಡಿದ. ನಾನೂ ಬೇಡ ಅನ್ನಲಿಲ್ಲ.

ಜರುಗುವ ಮಾತು ಬಂದಾಗ ನನ್ನ ಮೊದಲ ಸೆಟ್ ನೆನಪಾಗುತ್ತದೆ. ಹೈದರಾಬಾದಿನ ಅಶ್ಹರ್ ಫರ್ಹಾನ್ ರೂಪಿಸಿದ ಬಿಟ್‌ಎಕ್ಸ್ ಅನ್ನುವ ಸೆಟ್ಟಿನ ವಿನ್ಯಾಸ ನೋಡಿ ನಾನೇ ಕಟ್ಟಿದ್ದು. ಕಾಯಿಲ್ ಮತ್ತು ಕೆಪಾಸಿಟರಿನ ಆಸಿಲೇಟರ್, ಅಂದರೆ ಫ್ರೀಕ್ವೆನ್ಸಿ ಹುಟ್ಟಿಸುವ ಭಾಗ. ಬೆಳಿಗ್ಗೆ ಚಳಿಯಲ್ಲಿ ಹಾಕಿದರೆ ಹತ್ತು ನಿಮಿಷದಲ್ಲಿ 300 ಹರ್ಟ್ಸ್ ಜಾರುತ್ತಿತ್ತು. ಮಾತು ಶುರು ಮಾಡುವಾಗ ಗಂಡಸಿನ ದನಿ, ಮುಗಿಸುವಾಗ ಹೆಂಗಸಿನ ದನಿ. ಬಿಸಿಗೆ ಬೆಲೆ ಬದಲಾಗದ ಎನ್‌ಪಿಓ ಕೆಪಾಸಿಟರ್ ಹಾಕಿದೆ, ಆಸಿಲೇಟರನ್ನು ಹೀಟ್ ಸಿಂಕಿನಿಂದ ದೂರ ಸರಿಸಿದೆ, ಮಂಗಳೂರಿಂದ ಮೀನು ಬರುವ ಥರ್ಮೊಕೋಲ್ ಡಬ್ಬಿಯ ಚೂರು ಸುತ್ತಲೂ ಮುಚ್ಚಿದೆ. 50ಕ್ಕೆ ಇಳಿಯಿತು. ಮೀನಿನ ವಾಸನೆ ಹೋಗಲು ಇನ್ನೂ ಎರಡು ತಿಂಗಳು ಬೇಕಾಯಿತು.

ಈ ವರ್ಷದ ಮಳೆ ಹಿಡಿದ ಮೇಲೆ ಒಂದು ಬೆಳಿಗ್ಗೆ ಏಳೂವರೆಗೆ ಫೋನ್ ಬಂತು. ಗೌಡ್ರು.

"ಏನಪ್ಪಾ, ರೇಡಿಯೋ ಹಾಕಿದ್ದೀಯಾ? ನಮ್ಮ ಬೇಲಿ ಹೇಗಿದೆ?"

ಕಿವಿಗೊಟ್ಟು ಕೇಳಿದೆ. ಧಾರವಾಡದ ಮೇಷ್ಟ್ರ ಹಿಂದೆ ಸಣ್ಣಗೆ ಇತ್ತು.

"ಎಸ್ 4 ಇದೆ ಗೌಡ್ರೇ. ನಿನ್ನೆ ಇರಲಿಲ್ಲ."

"ಹಳ್ಳದ ಕಡೆ ಬಳ್ಳಿ ಬಿದ್ದಿರಬೇಕು. ತಡಿ, ರೈಟ್ರನ್ನ ಕಳಿಸ್ತೀನಿ."